ಲೆಕ್ಕದ ಪುಸ್ತಕಕ್ಕೆ ಎರಡನೆಯ ಬೀಗ



ಗೋದಾಮಿನಲ್ಲಿ ಅಡಿಕೆ ಮೂಟೆ ಇಟ್ಟ ಮೇಲೆ ಬೀಗದ ಕೈ ಯಾರ ಬಳಿ ಇದೆಯೆಂದು ನಾವು ವಿಚಾರಿಸುತ್ತೇವೆ. ಆದರೆ ನಮ್ಮ ಠೇವಣಿ, ಸಾಲ, ಮಾರಾಟದ ಲೆಕ್ಕದ ಕೀಲಿಕೈ ಯಾರ ಬಳಿ ಇದೆಯೆಂದು ಕೇಳುವವರು ಕಡಿಮೆ.

2022ರಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ನೀಡಿತು. ಹೀಗೆ ಗಣಕೀಕೃತವಾದ ಸಂಘಗಳ ಲೆಕ್ಕ ಕಚೇರಿಯ ಕಪಾಟಿನಲ್ಲಿರದೆ ದೂರದ ಕಂಪ್ಯೂಟರಿನಲ್ಲಿರುತ್ತದೆ. ಇದನ್ನೇ ‘ಕ್ಲೌಡ್’ ಎನ್ನುತ್ತಾರೆ. ಪಾಸ್‌ವರ್ಡ್ ಒಂದೇ ಕಾವಲಾಗಿದ್ದರೆ, ಅದನ್ನು ತಿಳಿದವರು ಯಾವ ಊರಿನಿಂದಾದರೂ ಲೆಕ್ಕವನ್ನು ತೆರೆಯಬಹುದು.

ಇದರ ಅಪಾಯ ತಿಳಿಯಲು 2024ರ ಒಂದು ಪ್ರಕರಣ ನೋಡೋಣ. ಅಮೆರಿಕದ ಸ್ನೋಫ್ಲೇಕ್ ಕಂಪನಿಯು ಇತರ ಸಂಸ್ಥೆಗಳ ಮಾಹಿತಿಯನ್ನು ಕ್ಲೌಡ್‌ನಲ್ಲಿ ಇರಿಸಿಕೊಳ್ಳುತ್ತದೆ. ಆ ವರ್ಷ ಅದರ ಗ್ರಾಹಕರ ಖಾತೆಗಳಿಗೆ ಕಳ್ಳರು ನುಗ್ಗಿದರು. ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಕಳುಹಿಸಬೇಕಾಯಿತು. ತನಿಖೆಯಲ್ಲಿ ಕಂಡುಬಂದದ್ದೇನು? ಕಳ್ಳರು ಗೋಡೆ ಒಡೆದಿರಲಿಲ್ಲ. ಕದ್ದ ಕೀಲಿಕೈಯಿಂದ ಬಾಗಿಲು ತೆಗೆದಿದ್ದರು. ಕೆಲಸಗಾರರ ಕಂಪ್ಯೂಟರುಗಳಿಗೆ ಸೇರಿಕೊಂಡ ಕಳ್ಳ ತಂತ್ರಾಂಶವು ಪಾಸ್‌ವರ್ಡ್‌ಗಳನ್ನು ಕದ್ದಿತ್ತು. ಕೆಲವು 2020ರಷ್ಟು ಹಿಂದೆಯೇ ಕಳುವಾಗಿದ್ದರೂ ಯಾರೂ ಬದಲಾಯಿಸಿರಲಿಲ್ಲ. ನುಗ್ಗಿದ ಖಾತೆಗಳಿಗೆ ಎರಡನೆಯ ಬೀಗವೂ ಇರಲಿಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠಗಳು:

1. ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಆ್ಯಪ್ ತೋರಿಸುವ ಸಂಕೇತ ಸಂಖ್ಯೆಯನ್ನೂ ಕೇಳುವ ವ್ಯವಸ್ಥೆಯಿರಲಿ. ಇದೇ ಎರಡನೆಯ ಬೀಗ. ಆ ಸಂಖ್ಯೆಯನ್ನು ಯಾರು ಫೋನಿನಲ್ಲಿ ಕೇಳಿದರೂ ಹೇಳಬಾರದು. ಹೇಳಿದರೆ ಬೀಗವಿದ್ದೂ ಇಲ್ಲದಂತೆ.

2. ಪ್ರತಿ ನೌಕರರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್ ಇರಲಿ. ಎಲ್ಲರೂ ಒಂದನ್ನೇ ಬಳಸಿದರೆ, ತಪ್ಪಾದಾಗ ಮಾಡಿದವರು ಯಾರೆಂದು ತಿಳಿಯದು.

3. ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು.

4. ಸಾಧ್ಯವಿದ್ದಲ್ಲಿ ಕಚೇರಿಯ ಇಂಟರ್ನೆಟ್ ಸಂಪರ್ಕದಿಂದ ಮಾತ್ರ ಲೆಕ್ಕ ತೆರೆಯುವಂತೆ ನಿರ್ಬಂಧಿಸಬೇಕು.

5. ಲೆಕ್ಕದ ಕಂಪ್ಯೂಟರಿನಲ್ಲಿ ಆಟವಾಗಲಿ, ಪುಕ್ಕಟೆ ಸಿಗುವ ನಕಲಿ ತಂತ್ರಾಂಶವಾಗಲಿ ಬೇಡ.

6. ಯಾರು, ಯಾವ ಹೊತ್ತಿಗೆ, ಎಲ್ಲಿಂದ ಪ್ರವೇಶಿಸಿದರೆಂಬ ದಾಖಲೆಯನ್ನು ಕಾರ್ಯದರ್ಶಿಗಳು ವಾರಕ್ಕೊಮ್ಮೆ ನೋಡಬೇಕು. ಅಪರಾತ್ರಿಯ ಪ್ರವೇಶ ಕಂಡರೆ ಕೂಡಲೇ ವಿಚಾರಿಸಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದುದು ಹಣವಲ್ಲ, ಶಿಸ್ತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಲಾಭ-ನಷ್ಟದ ಪಟ್ಟಿಯ ಜೊತೆಗೆ ಈ ಒಂದು ಪ್ರಶ್ನೆಯನ್ನೂ ನಾವೆಲ್ಲ ಕೇಳೋಣ: “ನಮ್ಮ ಲೆಕ್ಕಕ್ಕೆ ಎರಡನೆಯ ಬೀಗ ಹಾಕಿದ್ದೀರಾ?”