ಐದು ಅಕ್ಷರವೋ, ಐದು ಲೆಟರೋ?

ಮಲ್ಲೇಶ್ವರಂನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪದದಾಟ ಆಡಿಸುವ ಮೊದಲು ಬಡಾವಣೆಯ ಹೆಸರನ್ನೇ ಎಣಿಸಲು ಹೇಳುತ್ತೇನೆ. ಕನ್ನಡದಲ್ಲಿ ಮ, ಲ್ಲೇ, ಶ್ವ, ರಂ: ನಾಲ್ಕೇ ಅಕ್ಷರ. ರೈಲು ನಿಲ್ದಾಣದ ಇಂಗ್ಲಿಷ್ ಹೆಸರಿನಲ್ಲಿ 11. ‘ಎಸ್’ ಮುಂದೆ ‘ಎಚ್’ ಸೇರಿಸಿ ಬರೆದರೆ 12.

ಆಮೇಲೆ ‘ಕ್ಯೂ’, ‘ಯು’ ಎರಡೂ ಇರುವ ಐದು ಲೆಟರಿನ ಪದಗಳು. ಕ್ವೀನ್, ಕ್ವಿಕ್ ಬೇಗ ಬರುತ್ತವೆ. ಈಕ್ವಲ್ ತಡ, ಅಲ್ಲಿ ‘ಕ್ಯೂ’ ಎರಡನೆಯ ಮನೆಯಲ್ಲಿದೆ. ನನ್ನ ಮೆಚ್ಚಿನದು ರೇಷನ್ ಅಂಗಡಿ ಮುಂದಿನ ಕ್ಯೂ! ಕನ್ನಡದಲ್ಲಿ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಕ್ಯೂ-ಯು-ಇ-ಯು-ಇ.

ಕ್ವೀನ್‌ಗೆ ಎರಡಕ್ಷರ ಎಂದ ಮಗು ದಡ್ಡನಲ್ಲ. ಕನ್ನಡದ ಲೆಕ್ಕದಲ್ಲಿ ಅದು ಸರಿ. ಅಂಕ ಕಳೆಯುವ ಮುನ್ನ ನಮ್ಮ ಪ್ರಶ್ನೆಯನ್ನು ನೋಡಿಕೊಳ್ಳಬೇಕು. ಪಾಠಯೋಜನೆಯಲ್ಲಿ ‘ಲೆಟರ್’ ಎಂದೇ ಬರೆಯಿರಿ; ಕಪ್ಪುಹಲಗೆಯ ಮೇಲೆ ಐದು ಖಾಲಿ ಮನೆ ಎಳೆದು, ತುಂಬಿಸಿದ ಮೇಲೆ ಓದಿಸಿ.