ಹೌಸಿಂಗ್ ಸೊಸೈಟಿಯ ಅಧಿಕಾರ ಎಲ್ಲಿಯವರೆಗೆ?

ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಬಹುಮಂದಿ ಸಹಕಾರಿ ಗೃಹನಿರ್ಮಾಣ ಸಂಘಗಳ ಸದಸ್ಯರು. ಷೇರು ಪತ್ರವನ್ನು ಕಪಾಟಿನಲ್ಲಿ ಜೋಪಾನವಾಗಿರಿಸುವ ನಾವು ಸಂಘದ ಉಪವಿಧಿಗಳ ಪುಸ್ತಕವನ್ನು ಮಾತ್ರ ತೆರೆದು ನೋಡುವುದಿಲ್ಲ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಂಘವನ್ನು ಕಟ್ಟಿ ಈ ನಗರಕ್ಕೆ ದಾರಿ ತೋರಿದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಕೆನರಾ ಮೂಲದ ಸಮಾಜದವರೆಂಬುದನ್ನು ನೆನೆದರೆ ಈ ಉದಾಸೀನ ನಮಗೆ ಶೋಭಿಸುವಂಥದಲ್ಲ.

ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರ ಮನೆ ಕಟ್ಟಡದ ಮೇಲಂತಸ್ತಿನಲ್ಲಿದೆ. ಗಚ್ಚಿನಿಂದ ಮಳೆನೀರು ಸೋರುತ್ತಿತ್ತು. ಪತ್ರಗಳಿಗೆ ಉತ್ತರ ಬಾರದಿದ್ದಾಗ ಅವರು ಮಾಸಿಕ ಶುಲ್ಕವನ್ನು ತಡೆಹಿಡಿದರು. ಕೆಲ ತಿಂಗಳುಗಳ ನಂತರ ಕಾರ್ಯಕಾರಿ ಮಂಡಳಿಯವರು ಅವರ ನೀರಿನ ಕೊಳವೆಯನ್ನೇ ಮುಚ್ಚಿಸಿದರು. ಸದಸ್ಯತ್ವವನ್ನೂ ರದ್ದುಪಡಿಸುವುದಾಗಿ ಸೂಚನಾ ಫಲಕದಲ್ಲಿ ಬರೆಯಿಸಿದರು. ಮನೆಯೇ ಕೈತಪ್ಪಿತೆಂದು ಆ ವೃದ್ಧ ದಂಪತಿಗಳು ಕಂಗೆಟ್ಟರು.

ಸಂಘಕ್ಕೆ ಅಧಿಕಾರವಿಲ್ಲವೆಂದಲ್ಲ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ 1960ರದು. ಗೃಹನಿರ್ಮಾಣ ಸಂಘಗಳಿಗಾಗಿಯೇ 2019ರಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೊಂದನ್ನು ಸೇರಿಸಲಾಯಿತು. ಬಾಕಿಯುಳಿಸಿದ ಸದಸ್ಯನ ಮೇಲೆ ಸಂಘವು ನಿಬಂಧಕರಿಗೆ ಅರ್ಜಿ ಸಲ್ಲಿಸಬಹುದು. ಅವರು ವಿಚಾರಿಸಿ ವಸೂಲಿ ಪ್ರಮಾಣಪತ್ರ ನೀಡಿದರೆ, ಆ ಹಣವನ್ನು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದು. ಇದು ಸಾಮಾನ್ಯ ಅಸ್ತ್ರವಲ್ಲ. ಆದರೆ ಅದನ್ನು ಬಿಟ್ಟು ನೀರನ್ನು ನಿಲ್ಲಿಸುವ ಅಧಿಕಾರವನ್ನು ಕಾಯಿದೆ ಯಾವ ಕಾರ್ಯದರ್ಶಿಗೂ ಕೊಟ್ಟಿಲ್ಲ.

ಉಚ್ಚಾಟನೆಯಂತೂ ಇನ್ನೂ ಕಠಿಣ. ಕಾಯಿದೆಯ 35ನೆಯ ಕಲಮಿನ ಪ್ರಕಾರ ಅದಕ್ಕಾಗಿಯೇ ಕರೆದ ಸರ್ವಸದಸ್ಯರ ಸಭೆಯಲ್ಲಿ, ಹಾಜರಿದ್ದ ಮತದಾನಾರ್ಹರ ಪೈಕಿ ನಾಲ್ಕರಲ್ಲಿ ಮೂರು ಪಾಲಿನವರು ನಿರ್ಣಯವನ್ನು ಅಂಗೀಕರಿಸಬೇಕು. ಸದಸ್ಯನ ಮಾತನ್ನು ಕೇಳಬೇಕು. ಕೊನೆಗೆ ನಿಬಂಧಕರು ಒಪ್ಪಬೇಕು. ಅದಿಲ್ಲದೆ ನಿರ್ಣಯ ಜಾರಿಗೆ ಬಾರದು. ಸೂಚನಾ ಫಲಕದ ಬರಹಕ್ಕೆ ಬೆದರಬೇಕಾದ ಕಾರಣವಿರಲಿಲ್ಲ.

ಮನೆಯನ್ನು ಬಾಡಿಗೆಗೆ ಕೊಟ್ಟು ಊರಿಗೆ ಮರಳುವವರು ಇನ್ನೊಂದು ವಿಷಯವನ್ನು ಅರಿತಿರಬೇಕು. ಹಿಂದೆ ಸಂಘಗಳು ಇಂಥವರಿಂದ ಮನಬಂದಷ್ಟು ಹೆಚ್ಚುವರಿ ಶುಲ್ಕ ಪಡೆಯುತ್ತಿದ್ದವು. 2001ರ ಆಗಸ್ಟಿನಲ್ಲಿ ರಾಜ್ಯ ಸರಕಾರವು ಅದನ್ನು ಸೇವಾ ಶುಲ್ಕದ ಶೇಕಡಾ 10ಕ್ಕೆ ಮಿತಿಗೊಳಿಸಿತು. ನಗರಸಭೆಯ ತೆರಿಗೆಯನ್ನು ಈ ಲೆಕ್ಕದಲ್ಲಿ ಸೇರಿಸುವಂತಿಲ್ಲ. 2007ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಈ ಆಜ್ಞೆಯನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿಯೂ ಫ್ಲ್ಯಾಟು ಹೊಂದಿರುವವರು ಈ ನಿಯಮಗಳನ್ನು ಅಲ್ಲಿಗೆ ಅನ್ವಯಿಸಬಾರದು. ಅಲ್ಲಿನ ಅನೇಕ ಮಾಲಿಕರ ಸಂಘಗಳು ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯನ್ನು ಅನುಸರಿಸಿ ರಚಿತವಾದವು.

ಇನ್ನು ನಮ್ಮ ಶಿಕ್ಷಕರ ತಪ್ಪು. ಗಚ್ಚಿನ ಸೋರಿಕೆಯನ್ನು ಸಂಘದ ಖರ್ಚಿನಲ್ಲಿ ಸರಿಪಡಿಸಬೇಕೆಂದು ಮಾದರಿ ಉಪವಿಧಿಗಳಲ್ಲಿಯೇ ಇದೆ. ನ್ಯಾಯ ಅವರ ಪಕ್ಷದಲ್ಲಿತ್ತು. ಶುಲ್ಕ ತಡೆದು ಅವರೇ ಬಾಕಿದಾರರಾದರು! ಕೆಲಕಾಲ ಗೌರವ ಕಾರ್ಯದರ್ಶಿಯಾಗಿದ್ದ ನಾನು ಬಲ್ಲೆ, ಬಾಕಿದಾರನ ದೂರನ್ನು ಯಾವ ಮಂಡಳಿಯೂ ಮನಸ್ಸಿಟ್ಟು ಓದುವುದಿಲ್ಲ. ನನ್ನ ಸಲಹೆಯಂತೆ ಅವರು ಆಕ್ಷೇಪಣೆಯನ್ನು ಲಿಖಿತವಾಗಿ ದಾಖಲಿಸಿ ಪೂರ್ತಿ ಹಣ ಕಟ್ಟಿದರು. ಉಪವಿಧಿಯ ಪ್ರತಿಯನ್ನು ಲಗತ್ತಿಸಿ, ಸಹಕಾರಿ ನ್ಯಾಯಾಲಯಕ್ಕೆ ಹೋಗುವುದಾಗಿ ನೋಟೀಸು ಕೊಟ್ಟರು. ನೀರು ಅಂದು ಸಂಜೆಯೇ ಬಂದಿತು. ಗಚ್ಚಿನ ದುರಸ್ತಿಗೆ ಮಾತ್ರ ಮುಂದಿನ ಮೇ ತಿಂಗಳವರೆಗೆ ಕಾಯಬೇಕಾಯಿತು.