ಮಾದರಿ ಉಗಿಯಂತ್ರಕ್ಕೆ ಒಂದೇ ಒಂದು ಪಿಸ್ಟನ್

ಉಗಿಯಂತ್ರದ ತತ್ತ್ವವನ್ನು ವಿದ್ಯಾರ್ಥಿಗಳೆಲ್ಲರೂ ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಅಲ್ಲಿಯ ಚಿತ್ರದಲ್ಲಿ ಪಿಸ್ಟನ್ ಸಿಲಿಂಡರಿನೊಳಗೆ ಸರಾಗವಾಗಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಉಗಿ ಒಂದಿಷ್ಟೂ ಸೋರುವುದಿಲ್ಲ, ಎಲ್ಲಿಯೂ ಏನೂ ಸಿಕ್ಕಿಕೊಳ್ಳುವುದಿಲ್ಲ. ಗೆರೆಯಲ್ಲಿ ಬರೆದ ಯಂತ್ರಕ್ಕೂ ಲೋಹದಲ್ಲಿ ಕಡೆದ ಯಂತ್ರಕ್ಕೂ ಎಷ್ಟು ದೂರವೆಂಬುದು ನನಗೆ ಮನದಟ್ಟಾದದ್ದು ಹೆಬ್ಬೆರಳಿನ ಗಾತ್ರದ ಒಂದು ಪಿಸ್ಟನ್ನಿನಿಂದ. (ಇದನ್ನು ಪುಸ್ತಕಗಳಲ್ಲಿ ಕೊಂತವೆಂದೂ ಆಡುಬೆಣೆಯೆಂದೂ ಕರೆದಿದ್ದಾರೆ. ಕಾರ್ಖಾನೆಯಲ್ಲಿ ಪಿಸ್ಟನ್ ಎಂದರೇ ಅರ್ಥವಾಗುವುದು.)

ನಮ್ಮ ಕಾಲೇಜಿನ ಪ್ರಯೋಗಶಾಲೆಯ ಬೀರುವಿನಲ್ಲಿ ಹಳೆಯ ಮಾದರಿ ಉಗಿಯಂತ್ರವೊಂದು ಧೂಳು ಹಿಡಿದು ಕುಳಿತಿತ್ತು. ಬೀಡು ಕಬ್ಬಿಣದ ಸಿಲಿಂಡರು, ಅಂಗೈಯಗಲದ ಗತಿಚಕ್ರ, ಎಲ್ಲವೂ ಇದ್ದವು. ಪಿಸ್ಟನ್ ಮಾತ್ರ ಕಾಣೆಯಾಗಿತ್ತು. ಇಂಗ್ಲೆಂಡಿನ ಸ್ಟುವರ್ಟ್ ‘10ವಿ’ಯಂತಹ ಪ್ರಸಿದ್ಧ ಮಾದರಿಯಾಗಿದ್ದರೆ (ಅದರ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಅಂಗುಲ, ಪಿಸ್ಟನ್ನಿನ ಓಟವೂ ಮುಕ್ಕಾಲು ಅಂಗುಲ) ಬಿಡಿಭಾಗವನ್ನು ತರಿಸಬಹುದಾಗಿತ್ತು. ನಮ್ಮದರ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಆದಕಾರಣ ಹೊಸದಾಗಿ ಒಂದೇ ಒಂದು ಪಿಸ್ಟನ್ನನ್ನು ಕಡೆಸಬೇಕಾಯಿತು.

ಸಿಲಿಂಡರನ್ನು ಕೈಚೀಲದಲ್ಲಿಟ್ಟುಕೊಂಡು ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಲೇತ್ ಕಾರ್ಖಾನೆಗೆ ಹೋದೆನು. ಅಲ್ಲಿನ ಹಿರಿಯ ಟರ್ನರ್ ಬೋರ್ ಗೇಜಿನಿಂದ ಒಳವ್ಯಾಸವನ್ನು ಮೂರು ಕಡೆ ಅಳೆದು, 20.00 ಮಿಲಿಮೀಟರು ಎಂದು ಹೇಳಿದರು. ನನ್ನ ನಕ್ಷೆಯಲ್ಲಿ ಪಿಸ್ಟನ್ ಹಿತ್ತಾಳೆಯದೆಂದು ಬರೆದಿತ್ತು. “ಬೀಡಿನ ಸಿಲಿಂಡರಿಗೆ ಬೀಡಿನ ಪಿಸ್ಟನ್ನೇ ಹಾಕೋಣವೇ, ಮೇಷ್ಟ್ರೇ?” ಎಂದು ಅವರು ಕೇಳಿದರು. ಹಿತ್ತಾಳೆ ಥಳಥಳಿಸುತ್ತದೆ, ಮಕ್ಕಳಿಗೆ ಚೆನ್ನಾಗಿ ಕಾಣುತ್ತದೆ ಎಂದೆ. ಉಗಿ ಸೋರಬಾರದೆಂದು ವ್ಯಾಸವನ್ನು 19.99 ಮಿಲಿಮೀಟರು ಇಡಿಸಿದೆ. ಅವರು ಮರುಮಾತಾಡದೆ ಹಾಗೆಯೇ ಮಾಡಿಕೊಟ್ಟರು.

ಕೂಲಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಷ್ಟು ಸಣ್ಣ ತುಂಡಿಗೆ ಇಷ್ಟು ಹಣವೇ ಎಂದು ಹಲವರು ಗೊಣಗುತ್ತಾರೆ. ಲೋಹವನ್ನು ಕತ್ತರಿಸುವ ಕಾಲ ಕೆಲವೇ ನಿಮಿಷಗಳು. ಸರಳನ್ನು ಚಕ್ಕಿನಲ್ಲಿ ಹಿಡಿಸಿ, ಉಳಿಯನ್ನು ಸರಿಯಾದ ಎತ್ತರಕ್ಕೆ ಹೊಂದಿಸಿ, ಅಳೆದು, ಮತ್ತೆ ಅಳೆದು ಸಿದ್ಧಪಡಿಸುವುದೇ ಉಳಿದೆಲ್ಲ ಕಾಲ. ಒಂದನ್ನು ಮಾಡಿದರೂ ಇಪ್ಪತ್ತನ್ನು ಮಾಡಿದರೂ ಈ ಸಿದ್ಧತೆಯ ಬಹುಭಾಗ ಒಂದೇ. ಗಣಕದಿಂದ ನಡೆಯುವ ಸಿಎನ್‌ಸಿ ಯಂತ್ರಕ್ಕೆ ಆದೇಶಗಳನ್ನು ಬರೆಯುವ ಕೆಲಸವೂ ಸೇರುವುದರಿಂದ, ಸರಳವಾದ ಒಂದೇ ತುಂಡಿಗೆ ಕೈಯಿಂದ ನಡೆಸುವ ಲೇತೇ ಅನೇಕ ವೇಳೆ ಅಗ್ಗ.

ಪಿಸ್ಟನ್ನನ್ನು ಜೋಡಿಸಿ, ಎಣ್ಣೆ ಹಾಕಿ, ಮೊದಲು ಗಾಳಿಯಿಂದ ಓಡಿಸಿ ನೋಡಿದೆ. ಯಂತ್ರ ಅತ್ಯಂತ ಸೊಗಸಾಗಿ ತಿರುಗಿತು. ಮರುದಿನ ತರಗತಿಯ ಎದುರಿಗೆ ಉಗಿಯನ್ನು ಬಿಟ್ಟಾಗ ಗತಿಚಕ್ರ ಕೆಲವು ಸುತ್ತು ತಿರುಗಿ, ತೊಡರಿ, ನಿಂತುಹೋಯಿತು. ಬೆರಳಿನಿಂದ ತಳ್ಳಿದರೂ ಅಲುಗಲಿಲ್ಲ. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಸುತ್ತಿಗೆಯಿಂದ ತಟ್ಟುವ ಯೋಚನೆಯೂ ಬಂದಿತ್ತು. ಹಾಗೆ ಮಾಡಿದ್ದರೆ ಪಿಸ್ಟನ್ ದಂಡ ಬಾಗಿಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ಯಂತ್ರ ಆರಿದ ಮೇಲೆ ಚಕ್ರ ತಾನಾಗಿಯೇ ಸಡಿಲವಾಯಿತು. ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದಾಗ ಹಿಡಿಯುತ್ತದೆ, ಆರಿದಾಗ ಬಿಡುತ್ತದೆ: ಭೌತಶಾಸ್ತ್ರದ ಅಧ್ಯಾಪಕನಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕೆ?

ಲೆಕ್ಕ ಹಾಕಿ ನೋಡೋಣ. ಕೊಠಡಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಒತ್ತಡಮಾಪಕ ಸುಮಾರು 1.7 ಬಾರ್ ತೋರಿಸುತ್ತಿದ್ದಾಗ ಉಗಿಯ ಉಷ್ಣತೆ 130 ಡಿಗ್ರಿಯ ಹತ್ತಿರ. ಏರಿಕೆ 105 ಡಿಗ್ರಿ. ಹಿತ್ತಾಳೆಯ ದೀರ್ಘ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 0.000019, ಬೀಡು ಕಬ್ಬಿಣದ್ದು ಸುಮಾರು 0.000011. ಆದುದರಿಂದ 20 ಮಿಲಿಮೀಟರು ವ್ಯಾಸದ ಪಿಸ್ಟನ್ 0.040 ಮಿಲಿಮೀಟರು ಹಿಗ್ಗುತ್ತದೆ. ಸಿಲಿಂಡರಿನ ರಂಧ್ರ 0.023 ಮಿಲಿಮೀಟರು ಹಿಗ್ಗುತ್ತದೆ. ಕಾಯಿಸಿದಾಗ ರಂಧ್ರ ಕಿರಿದಾಗುತ್ತದೆಂದು ಕೆಲವು ವಿದ್ಯಾರ್ಥಿಗಳು ಭಾವಿಸುವುದುಂಟು; ಅದು ತಪ್ಪು, ರಂಧ್ರವೂ ಸುತ್ತಲಿನ ಲೋಹದೊಡನೆ ದೊಡ್ಡದಾಗುತ್ತದೆ. ಎರಡಕ್ಕೂ ವ್ಯತ್ಯಾಸ 0.017 ಮಿಲಿಮೀಟರು. ನಾನು ಬಿಡಿಸಿದ್ದ ಅಂತರವೋ 0.01! ಅದೂ ಅಲ್ಲದೆ ಸಿಲಿಂಡರಿನ ಹೊರಮೈ ಗಾಳಿಗೆ ಶಾಖವನ್ನು ಬಿಟ್ಟುಕೊಡುವುದರಿಂದ ಅದು ಪಿಸ್ಟನ್ನಿಗಿಂತ ಸ್ವಲ್ಪ ತಂಪಾಗಿಯೇ ಇರುತ್ತದೆ. ಪಿಸ್ಟನ್ ಹಿಡಿದುಕೊಳ್ಳದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಹಾಗಾದರೆ ಅಂತರವನ್ನು ಧಾರಾಳವಾಗಿ ಬಿಡಬಾರದೇಕೆ? ಕಿರಿದಾದ ಸಂದಿನಲ್ಲಿ ದ್ರವ ಅಥವಾ ಅನಿಲ ಸುಳಿಗಳಿಲ್ಲದೆ ಹರಿಯುವಾಗ, ಹರಿಯುವ ಪ್ರಮಾಣ ಸಂದಿನ ಅಗಲದ ಘನವನ್ನು ಅನುಸರಿಸುತ್ತದೆ. ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಮಡಿ. ಮುಮ್ಮಡಿಯಾದರೆ ಇಪ್ಪತ್ತೇಳು ಮಡಿ. ಪುಟ್ಟ ಬಾಯ್ಲರಿನಿಂದ ಬರುವ ಉಗಿಯೆಲ್ಲ ಸಂದಿನಲ್ಲಿಯೇ ನುಸುಳಿಹೋದರೆ ಚಕ್ರ ತಿರುಗುವುದೆಂತು?

ಇದು ಹಳೆಯ ತೊಡಕು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳ ಕೆಲಸಗಾರನಾಗಿದ್ದ ಜೇಮ್ಸ್ ವಾಟನಿಗೆ 1763–64ರ ಚಳಿಗಾಲದಲ್ಲಿ ನ್ಯೂಕಾಮನ್ ಯಂತ್ರದ ಮಾದರಿಯೊಂದು ದುರಸ್ತಿಗೆ ಬಂದಿತು. ಅದರ ಹಿತ್ತಾಳೆಯ ಸಿಲಿಂಡರಿನ ವ್ಯಾಸ ಎರಡು ಅಂಗುಲ. ಬಾಯ್ಲರು ಸಾಕಷ್ಟು ದೊಡ್ಡದಾಗಿ ಕಂಡರೂ ಯಂತ್ರ ಕೆಲವೇ ಓಟಗಳಲ್ಲಿ ನಿಲ್ಲುತ್ತಿತ್ತು. ಯಂತ್ರವನ್ನು ಎಲ್ಲ ಅಳತೆಗಳಲ್ಲಿಯೂ ಹನ್ನೆರಡನೆಯ ಒಂದು ಭಾಗಕ್ಕೆ ಇಳಿಸಿದರೆ, ಉಗಿ ತುಂಬುವ ಘನಫಲ 1728ನೆಯ ಒಂದು ಭಾಗವಾಗುತ್ತದೆ. ಉಗಿಯನ್ನು ತಣಿಸುವ ಗೋಡೆಯ ಮೈ 144ನೆಯ ಒಂದು ಭಾಗ ಮಾತ್ರ. ಎಂದರೆ ಉಗಿಯ ಪ್ರತಿಯೊಂದು ಪಾಲಿಗೂ ಹನ್ನೆರಡು ಪಟ್ಟು ಗೋಡೆ. ಉಗಿ ವ್ಯರ್ಥವಾಗುವುದನ್ನು ಕುರಿತು ಚಿಂತಿಸುತ್ತಲೇ 1765ರಲ್ಲಿ ವಾಟನಿಗೆ ಪ್ರತ್ಯೇಕ ಸಾಂದ್ರಕದ ಆಲೋಚನೆ ಹೊಳೆಯಿತು.

ಆಲೋಚನೆ ಹೊಳೆದರೂ ಅದಕ್ಕೆ ತಕ್ಕ ದುಂಡನೆಯ ಸಿಲಿಂಡರನ್ನು ಕೊರೆಯುವವರು ಇರಲಿಲ್ಲ. ಸುಮಾರು ಹತ್ತು ವರ್ಷ ಕಾದ ಮೇಲೆ ಜಾನ್ ವಿಲ್ಕಿನ್‌ಸನ್ ಸಿಲಿಂಡರಿನ ಆಚೆ ಈಚೆ ಎರಡೂ ಕಡೆ ಆಧಾರವಿರುವ ದಪ್ಪ ದಂಡಕ್ಕೆ ಉಳಿಯನ್ನು ಕಟ್ಟಿ ಕೊರೆಯುವ ಯಂತ್ರವನ್ನು ಮಾಡಿದನು. 50 ಅಂಗುಲ ವ್ಯಾಸದಲ್ಲಿ ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವಾಟನ ಪಾಲುದಾರ ಬೋಲ್ಟನ್ ಹೆಮ್ಮೆಯಿಂದ ಬರೆದಿದ್ದಾನೆ. ಆ ದಪ್ಪವನ್ನು ಒಂದು ಮಿಲಿಮೀಟರೆಂದು ಇಟ್ಟುಕೊಂಡರೆ, ಅದೇ ಪ್ರಮಾಣ ನಮ್ಮ 20 ಮಿಲಿಮೀಟರು ಸಿಲಿಂಡರಿಗೆ 0.016 ಮಿಲಿಮೀಟರು ಆಗುತ್ತದೆ. ದೊಡ್ಡ ಯಂತ್ರದಲ್ಲಿ ನಾಣ್ಯದ ದಪ್ಪ ಕ್ಷಮ್ಯ. ಮಾದರಿಯಲ್ಲಿ ಕೂದಲಿನ ದಪ್ಪವೂ ಅಪರಾಧ.

ಎರಡನೆಯ ಬಾರಿ ಹೋದಾಗ ಟರ್ನರ್ ಏನೂ ಹೇಳಲಿಲ್ಲ. ಬೀಡಿನ ಸರಳನ್ನು ಆಗಲೇ ತೆಗೆದಿಟ್ಟಿದ್ದರು. ಒಂದೇ ಲೋಹವಾದ್ದರಿಂದ ಎರಡೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುತ್ತವೆ, 0.02 ಮಿಲಿಮೀಟರು ಅಂತರ ಸಾಕಾಯಿತು. ಎಣ್ಣೆ ನಿಲ್ಲಲೆಂದು ಸುತ್ತಲೂ ಎರಡು ಸಣ್ಣ ಗಾಡಿಗಳನ್ನು ಕೊರೆಸಿದೆವು. ಹಿತ್ತಾಳೆಯೇ ಬೇಕೆನ್ನುವವರು ಪಿಸ್ಟನ್ನನ್ನು ಇನ್ನೂ ಸಣ್ಣದಾಗಿಸಿ, ಗಾಡಿಯಲ್ಲಿ ಗ್ರ್ಯಾಫೈಟ್ ಸವರಿದ ನೂಲನ್ನು ಸುತ್ತಬಹುದು.

ನೀವೂ ಇಂತಹ ಭಾಗವನ್ನು ಮಾಡಿಸುವುದಾದರೆ, ಜೊತೆಯ ಭಾಗವನ್ನು ತಪ್ಪದೆ ಕೊಂಡೊಯ್ಯಿರಿ. ಶಾಲೆಯ ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಅಳತೆ ಸಾಮಾನ್ಯವಾಗಿ 0.1 ಅಥವಾ 0.02 ಮಿಲಿಮೀಟರು, ಅದರಿಂದ ಅಳೆದು ನೂರನೆಯ ಒಂದು ಭಾಗದ ಮಾತಾಡುವುದು ಹಾಸ್ಯಾಸ್ಪದ. ಸಿಲಿಂಡರೂ ಹೊಸದಾಗಿದ್ದರೆ ಅದನ್ನೇ ಮೊದಲು ಕೊರೆಸಿ, ಅದರ ಒಂದು ಮುಖವನ್ನು ಚಕ್ಕಿನಿಂದ ಬಿಚ್ಚದೆಯೇ ಸಮಮಾಡಿಸಿರಿ. ಆಗ ಮುಖವೂ ರಂಧ್ರವೂ ನೇರ ಲಂಬವಾಗಿರುತ್ತವೆ. ಪಿಸ್ಟನ್ನನ್ನು ದಂಡಕ್ಕೆ ಜೋಡಿಸಿದ ಮೇಲೆಯೇ ಕೊನೆಯ ಪದರವನ್ನು ತೆಗೆಸಬೇಕು. ಅಗತ್ಯವಿರುವಲ್ಲಿ ಮಾತ್ರ ನಿಖರತೆಯನ್ನು ಕೇಳಿರಿ: ಗತಿಚಕ್ರದ ಹೊರವ್ಯಾಸ ಅರ್ಧ ಮಿಲಿಮೀಟರು ತಪ್ಪಿದರೂ ಚಿಂತೆಯಿಲ್ಲ. ಯಂತ್ರ ಬಿಸಿಯಾಗುವುದೆಂದು ನಕ್ಷೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ, ನಾನು ಬರೆದಿರಲಿಲ್ಲ.

ಹಿತ್ತಾಳೆಯ ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ. ವ್ಯಾಕೋಚನದ ಪಾಠ ಬಂದಾಗ ಯಂತ್ರವನ್ನು ಬಿಚ್ಚಿ, ತಣ್ಣಗಿರುವ ಸಿಲಿಂಡರಿನೊಳಗೆ ಅದನ್ನು ಜಾರಿಸಿ ತೋರಿಸುತ್ತೇನೆ. ಬಳಿಕ ಅದನ್ನು ಕುದಿನೀರಿನಲ್ಲಿ ಅದ್ದಿ, ಇಕ್ಕಳದಿಂದ ತೆಗೆದು, ಆರುವ ಮೊದಲೇ ಹಿಂದಿನ ಬೆಂಚಿನವರ ಕೈಗೆ ಕೊಟ್ಟು ಸಿಲಿಂಡರಿನೊಳಗೆ ಸೇರಿಸಿ ನೋಡಿರೆನ್ನುತ್ತೇನೆ.